ಢಮಾರ್ ಬ್ರದರ್ಸ್‌ನ ಹಸಿರು ಗಿಟಾರ್

ನಾನು ಒಂದು ಗಿಟಾರ್. ಎಲೆಕ್ಟ್ರಿಕ್ ಗಿಟಾರ್. ನೀವು ನನ್ನನ್ನು ನೋಡಿದ್ದೀರಿ, ಕೇಳಿಲ್ಲ. ಎರಡು ವರ್ಷ, ಸೋಮವಾರದಿಂದ ಶುಕ್ರವಾರದವರೆಗೆ, ಸಂಜೆ ಏಳೂವರೆಗೆ, ಚಪಾತಿ ಮುರಿಯುತ್ತಾ ನನ್ನತ್ತ ಬೆರಳು ತೋರಿಸಿ ನಕ್ಕಿದ್ದೀರಿ. ಆದ್ದರಿಂದ ನಿಮ್ಮ ಮೇಲೂ ನನಗೆ ಪ್ರೀತಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ನಜೀರ್ ಸಾಹೇಬರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸಾಹೇಬರು ಬೀಟೆ ಹಲಗೆಯಲ್ಲಿ ಆನೆ, ನವಿಲುಗಳ ಚಿತ್ರ ಕೂರಿಸುವವರು. ಗಿಟಾರನ್ನು ಅವರು ಮುಟ್ಟಿಯೂ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದ ಸತ್ಯಮಿತ್ರ ಎಂಬ ತೆಳ್ಳನೆಯ ಹುಡುಗ ಕಾಗದದ ಮೇಲೆ ಅಳತೆ ಬರೆದುಕೊಂಡು ಬಂದು ಮೂರು ದಿನ ಕಾಡಿದ. ನಾಲ್ಕನೆಯ ದಿನ ಸಾಹೇಬರು ಅಟ್ಟದಿಂದ ಒಂದು ಹಲಸಿನ ಹಲಗೆ ಇಳಿಸಿದರು.

"ನೋಡಪ್ಪ, ಯಾರೋ ವೀಣೆಗೆ ಅಂತ ಹೇಳಿ ಆಮೇಲೆ ಬರ್ಲೇ ಇಲ್ಲ. ವೀಣೆ ಆಗ್ಬೇಕಾದ ಮರ ಇದು. ಹಾಳು ಮಾಡ್ಬೇಡ," ಎಂದರು.

"ಇಲ್ಲ ಸಾಬ್ರೇ, ನನ್ ಪ್ರಾಣ ಇದ್ದಂಗೆ ನೋಡ್ಕೋತೀನಿ."

ಆ ಮಾತನ್ನು ನಾನು ಇನ್ನೂ ಮರದಲ್ಲಿ ಇಟ್ಟುಕೊಂಡಿದ್ದೇನೆ.

ಒಂದು ವಿಷಯ ನಿಮಗೆ ಗೊತ್ತಿರಬೇಕು. ನನ್ನಂಥ ಗಿಟಾರಿಗೆ ಹೊಟ್ಟೆ ಪೊಳ್ಳಲ್ಲ, ಆದ್ದರಿಂದ ಬರಿಗೈಯಲ್ಲಿ ಮೀಟಿದರೆ ಸೊಳ್ಳೆಯಷ್ಟೇ ಸದ್ದು. ತಂತಿಗಳ ಕೆಳಗೆ ಎರಡು ಕಾಂತದ ಪಟ್ಟಿಗಳಿರುತ್ತವೆ, ಪಿಕಪ್ ಎನ್ನುತ್ತಾರೆ. ತಂತಿಯ ನಡುಕವನ್ನು ಹಿಡಿದು ವೈರಿನ ಮೂಲಕ ಆಂಪ್ಲಿಫೈಯರ್‌ಗೆ ಕಳಿಸುವುದು ಅವೇ. ನನ್ನ ದನಿ ಎಂದರೆ ಅವೇ. ಮಿತ್ರ ಅವನ್ನು ಬೆಂಗಳೂರಿನಿಂದ ತಂದು, ಉಸಿರು ಬಿಗಿಹಿಡಿದು, ತಾನೇ ಬೆಸುಗೆ ಹಾಕಿದ. ಮುಗಿದಾಗ ತನ್ನ ಅಂಗಿಯ ತುದಿಯಿಂದ ನನ್ನ ಮೈಯ ಧೂಳು ಒರೆಸಿದ. ಅಷ್ಟು ಒಳ್ಳೆಯವನಾಗಿ ಅವನು ಮತ್ತೆಂದೂ ಇರಲಿಲ್ಲ.

ಅವನ ತಂದೆ ದೇವಪ್ರಿಯ ಮೇಷ್ಟ್ರು ಮೂವತ್ತು ವರ್ಷದಿಂದ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ನನ್ನನ್ನು ತಿರುಗಿಸಿ, ಬೆನ್ನು ತಟ್ಟಿ ನೋಡಿದರು.

"ಇದು ವಾದ್ಯ ಅಲ್ಲ ಕಣೋ, ಇಸ್ತ್ರಿಪೆಟ್ಟಿಗೆ. ಪ್ಲಗ್ ಹಾಕಿದ್ರೆ ಮಾತ್ರ ಬಿಸಿ ಆಗೋದು."

"ಒಂದ್ಸಲ ಕೇಳಪ್ಪಾ."

"ನುಡಿಸೋಕೆ ಬಂದ್ಮೇಲೆ ಹೇಳು, ಕೇಳ್ತೀನಿ."

ಅಂದಿನಿಂದ ಅವನಿಗಿದ್ದ ಹಟ ಒಂದೇ: ಅಪ್ಪ ಕೇಳಬೇಕು. ಅವನ ಬ್ಯಾಂಡಿನ ಗಾಯಕ ಲೋಕಿಯ ಚಿಕ್ಕಪ್ಪನ ಮುಚ್ಚಿದ ಹಿಟ್ಟಿನ ಗಿರಣಿಯಲ್ಲಿ ನಾಲ್ವರು ಹುಡುಗರು ಸೇರಿ ಅಭ್ಯಾಸ ಮಾಡುತ್ತಿದ್ದರು. ನಾನು ಅಲ್ಲಿ ಕಿರುಚಿದೆ, ನರಳಿದೆ, ಗೋಡೆಯ ಹಳೆಯ ಹಿಟ್ಟು ಉದುರಿಸಿದೆ. ಅಪ್ಪ ಭಾನುವಾರ ನುಡಿಸುತ್ತಿದ್ದ ಒಂದು ಕೀರ್ತನೆಯ ನಾಲ್ಕು ಸ್ವರ ಹಿಡಿದು ಮಿತ್ರ ಒಂದು ಧಾಟಿ ಕಟ್ಟಿದ. ನಿಧಾನವಾಗಿ ಶುರುವಾಗಿ, ಮಧ್ಯದಲ್ಲಿ ಕೋಪಗೊಂಡು, ಮತ್ತೆ ಅದೇ ನಾಲ್ಕು ಸ್ವರಕ್ಕೆ ಬಂದು ನಿಲ್ಲುವ ಧಾಟಿ. ಅದು ಚೆನ್ನಾಗಿತ್ತು. ನನಗೆ ಅವನನ್ನು ಹೊಗಳುವ ಮನಸ್ಸಿಲ್ಲ, ಆದರೂ ಅದು ಚೆನ್ನಾಗಿತ್ತು.

ಒಂದು ಕಾಲೇಜು ಹಬ್ಬದಲ್ಲಿ ಇವರು ಹಾಡಿದರು. ಲೋಕಿ ಪಲ್ಲವಿ ಮರೆತ, ಡ್ರಮ್ಮಿನ ಸ್ಟ್ಯಾಂಡ್ ಉರುಳಿತು, ಜನ ಬೊಬ್ಬೆ ಹೊಡೆದರು. ಹಿಂದಿನ ಸಾಲಿನಲ್ಲಿ ಒಬ್ಬ ಹೊಟ್ಟೆ ಹಿಡಿದು ನಗುತ್ತಿದ್ದ. ಅವನು ಭೋಜರಾಜ್, ಟಿವಿ ನಿರ್ದೇಶಕ. ಮರುದಿನವೇ ಗಿರಣಿಗೆ ಬಂದ.

"ಪ್ರಸಿದ್ಧಿಗಾಗಿ ಒದ್ದಾಡೋ ಒಂದು ರಾಕ್ ಬ್ಯಾಂಡಿನ ಕಥೆ ಮಾಡ್ತಿದೀನಿ. ನಿಮ್ಮಂಥವರೇ ಬೇಕು," ಎಂದ.

"ನಮ್ ಹಾಡೇ ಇರುತ್ತಾ ಸಾರ್?" ಮಿತ್ರ ಕೇಳಿದ.

"ನಿಮ್ದಲ್ದೆ ಇನ್ಯಾರ್ದು!"

ಅದು ಹಾಸ್ಯ ಧಾರಾವಾಹಿ ಎಂದು ಇವರಿಗೆ ತಿಳಿದದ್ದು ಬೆಂಗಳೂರಿನ ಸೆಟ್ಟಿನಲ್ಲಿ, ಡ್ರಮ್ಮರ್ ತಲೆಗೆ ಸೌತೆಕಾಯಿ ಬಣ್ಣದ ವಿಗ್ ಹಾಕಿದಾಗ. ಹೆಸರು 'ಢಮಾರ್ ಬ್ರದರ್ಸ್'. ನಾಲ್ವರು ಪೆದ್ದರು ಪ್ರತಿ ಕಂತಿನಲ್ಲೂ ಖ್ಯಾತಿ ಹುಡುಕಿಕೊಂಡು ಹೋಗುತ್ತಾರೆ: ಸೀಮಂತಕ್ಕೆ, ವಾರ್ಡ್ ಚುನಾವಣೆಗೆ, ನಾಯಿಗಳ ಸ್ಪರ್ಧೆಗೆ. ಕೊನೆಗೆ ಗಿಟಾರಿಸ್ಟ್ ಮುಂದೆ ಬಂದು, ಕೂದಲು ಕೊಡವಿ, ಕೈ ಎತ್ತಿ ತಂತಿಗೆ ಹೊಡೆಯುತ್ತಾನೆ. ಆ ಕ್ಷಣಕ್ಕೆ ಇಡೀ ಬೀದಿಯ ಕರೆಂಟ್ ಹೋಗುತ್ತದೆ. ಕತ್ತಲಲ್ಲಿ ಅವನ ದನಿ: "ಕರೆಂಟ್ ಹೋಯ್ತು ಗುರೂ!" ಅಲ್ಲಿಗೆ ಕಂತು ಮುಗಿಯುತ್ತದೆ.

ನಾನು ಜೇನಿನ ಬಣ್ಣದ ಹಲಸು. ಕ್ಯಾಮರಾಗೆ ಕಾಣುವುದಿಲ್ಲವೆಂದು ಕಾರಿಗೆ ಬಣ್ಣ ಹೊಡೆಯುವವನನ್ನು ಕರೆಸಿ ಗಿಳಿಹಸಿರು ಹೊಡೆಸಿದರು. ಮಿತ್ರ ಪಕ್ಕದಲ್ಲಿ ನಿಂತು ಟೀ ಕುಡಿಯುತ್ತಿದ್ದ. ಪ್ರತಿ ದೃಶ್ಯದಲ್ಲೂ ನಾನು ಒಂದೇ ರೀತಿ ಕಾಣಬೇಕಂತೆ, ಅದಕ್ಕಾಗಿ ಮನೆಗೂ ಕಳಿಸದೆ ಸೆಟ್ಟಿನ ಸಾಮಾನಿಡುವ ಪ್ರಾಪರ್ಟಿ ರೂಮಿನಲ್ಲಿಟ್ಟು ಬೀಗ ಹಾಕಿದರು. ಸದ್ದಾಗದಂತೆ ತಂತಿಗಳ ಕೆಳಗೆ ಸ್ಪಂಜು ತುರುಕಿದರು. ಚಿತ್ರೀಕರಣದಲ್ಲಿ ನನಗೆ ಯಾರೂ ಪ್ಲಗ್ ಹಾಕಲಿಲ್ಲ. ನೀವು ಟಿವಿಯಲ್ಲಿ ಕೇಳಿದ ಗಿಟಾರ್, ಎಡಿಟಿಂಗ್ ಕೋಣೆಯ ಒಂದು ಕೀಬೋರ್ಡಿನದು.

ಐದನೆಯ ತಿಂಗಳಿಗೆ ಅವರು ಪ್ರಸಿದ್ಧರಾದರು. ಆಟೋದವರು ತಲೆ ಹೊರಹಾಕಿ "ಕರೆಂಟ್ ಹೋಯ್ತು ಗುರೂ!" ಎಂದು ಕೂಗುವರು. ಮಿತ್ರ ಮೊದಮೊದಲು ಮುಖ ಸಿಂಡರಿಸಿದ. ಆಮೇಲೆ ಕೈ ಬೀಸಿದ. ಆಮೇಲೆ ಯಾರೂ ಕೂಗದ ದಿನ ಅವನೇ ಸುತ್ತ ನೋಡತೊಡಗಿದ.

ಆಗಲೇ ಅದು ನಡೆದದ್ದು. ಸೌಂಡಿನ ಜಯಣ್ಣನಿಗೆ ಒಂದು ತಲೆನೋವಿತ್ತು. ಮಿತ್ರನ ಅಂಗಿಗೆ ಸಿಕ್ಕಿಸಿದ ಮೈಕು ನನ್ನ ಹೆಗಲಪಟ್ಟಿಗೆ ಉಜ್ಜಿ ಕರಕರ ಎನ್ನುತ್ತಿತ್ತು. ಜಯಣ್ಣ ನನ್ನನ್ನು ಎತ್ತಿಕೊಂಡು ಬಂದ.

"ಮಿತ್ರ, ಮೈಕನ್ನ ಈ ಗಿಟಾರೊಳಗೇ ಇಟ್ಬಿಡ್ತೀನಿ. ಒಳಗಿನ ಸಾಮಾನು ತೆಗೀಬೇಕಾಗುತ್ತೆ. ಪರವಾಗಿಲ್ವಾ?"

ಮಿತ್ರ ಮೊಬೈಲಿನಲ್ಲಿ ತನ್ನದೇ ವಿಡಿಯೊದ ಕೆಳಗಿನ ಕಾಮೆಂಟ್ ಓದುತ್ತಿದ್ದ. ತಲೆ ಎತ್ತಲಿಲ್ಲ.

"ಮಾಡ್ಕೊಳಿ ಅಣ್ಣ."

ಜಯಣ್ಣ ಕೆಟ್ಟವನಲ್ಲ. ಸ್ಕ್ರೂಗಳನ್ನು ನಿಧಾನವಾಗಿ ಬಿಚ್ಚಿದ. ಪಿಕಪ್ಪಿನ ಮುಚ್ಚಳ ಮಾತ್ರ ಕ್ಯಾಮರಾಗೆ ಕಾಣಲೆಂದು ಉಳಿಸಿ, ಕೆಳಗಿನ ಕಾಂತ, ವೈರು ಎಲ್ಲವನ್ನೂ ಕಿತ್ತು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಆ ಜಾಗದಲ್ಲಿ ಮೈಕು, ಬ್ಯಾಟರಿ. ಅಂದಿನಿಂದ ಮಿತ್ರನ ಪೆದ್ದು ಮಾತುಗಳನ್ನು ನಾಡಿಗೆಲ್ಲ ಕೇಳಿಸಿದವನು ನಾನೇ. ಅವನ ದನಿಗೆ ಜಾಗ ಮಾಡಿಕೊಡಲು ನನ್ನದನ್ನು ತೆಗೆದರು. ಅವನಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಆ ಒಂದೂವರೆ ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ನನಗೆ ಪ್ಲಗ್ ಹಾಕಿ ನೋಡೋಣ ಎಂದು ಅವನಿಗೆ ಅನ್ನಿಸಲಿಲ್ಲ.

ಎರಡನೆಯ ವರ್ಷದ ಕೊನೆಗೆ ಧಾರಾವಾಹಿ ಮುಗಿಸುವುದೆಂದಾಯಿತು. ಮೈಸೂರಿನ ಮೈದಾನದಲ್ಲಿ ಸಮಾರೋಪ ಕಾರ್ಯಕ್ರಮ. ಅದೇ ವಾರ ಮಿತ್ರನಿಗೆ ಮನೆಯಿಂದ ಸುದ್ದಿ ಬಂತು: ದೇವಪ್ರಿಯ ಮೇಷ್ಟ್ರ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಮಳೆಗಾಲ ದಾಟುವುದು ಅನುಮಾನ. ಚರ್ಚಿನ ಆರ್ಗನ್ ಬಿಟ್ಟಿದ್ದಾರೆ.

ಮಿತ್ರ ಪ್ರಾಪರ್ಟಿ ರೂಮಿಗೆ ಬಂದು ನನ್ನ ಮುಂದೆ ಕುಳಿತ. ಲೋಕಿ ಬಾಗಿಲಿಗೆ ಒರಗಿದ್ದ.

"ಸ್ಟೇಜ್ ಮೇಲೆ ನಿಜವಾಗ್ಲೂ ನುಡಿಸ್ತೀನಿ ಕಣೋ. ಅಪ್ಪ ಬರ್ತಿದಾರೆ. ರೆಕಾರ್ಡ್ ಮಾಡಿರೋ ಟ್ರ್ಯಾಕ್ ಶುರುವಾಗೋಕ್ ಮುಂಚೆ ಆಂಪ್‌ಗೆ ಚುಚ್ಬಿಡ್ತೀನಿ."

"ಭೋಜರಾಜ್ ಸಾರ್ ಸಾಯಿಸ್ಬಿಡ್ತಾರೆ ಮಗಾ. ಹೋಗ್ಲಿ, ನುಡಿಸ್ಲೇಬೇಕು ಅಂದ್ರೆ ಬೇರೆ ಗಿಟಾರ್ ತರ್ತೀನಿ, ನನ್ ಫ್ರೆಂಡ್ ಹತ್ರ ಚೆನ್ನಾಗಿರೋದಿದೆ."

"ಹಸಿರು ಗಿಟಾರ್ ಇಲ್ದಿದ್ರೆ ನನ್ನನ್ನ ಯಾರು ಗುರುತು ಹಿಡೀತಾರೋ?"

ನೋಡಿ, ತಂದೆಯ ಕಿವಿಗಾಗಿ ನುಡಿಸಲು ಹೊರಟವನಿಗೆ ಜನರ ಕಣ್ಣೂ ಬೇಕಿತ್ತು. ಸ್ಪಂಜು ತೆಗೆದ, ಹೊಸ ತಂತಿ ಹಾಕಿದ, ಬರಿಗೈಯಲ್ಲಿ ಮೀಟಿ ಶ್ರುತಿ ಮಾಡಿದ. ಜಯಣ್ಣ ಮೈಕು, ಬ್ಯಾಟರಿಗಳನ್ನು ತೆಗೆದುಕೊಂಡು ಹೋಗಿಯಾಗಿತ್ತು. ಪ್ಲಗ್ ಹಾಕಿದರೆ ನಿರ್ದೇಶಕನಿಗೆ ಗುಟ್ಟು ತಿಳಿಯುತ್ತದೆಂದು ಮಿತ್ರ ಪರೀಕ್ಷಿಸಲಿಲ್ಲ. ನನಗೆ ಹೇಳುವ ಬಾಯಿ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಮೈದಾನ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ದೇವಪ್ರಿಯ ಮೇಷ್ಟ್ರು, ಬಲಗಿವಿ ವೇದಿಕೆಯ ಕಡೆಗಿರಲೆಂದು ಓರೆಯಾಗಿ ಕುಳಿತಿದ್ದರು. ಮಿತ್ರ ಮುಂದೆ ಬಂದ.

"ಇವತ್ತು ತಮಾಷೆ ಇಲ್ಲ. ಇದು ನಾನೇ ಮಾಡಿದ ಧಾಟಿ. ನಮ್ಮಪ್ಪನಿಗೆ."

ಜೇಬಿನಿಂದ ವೈರು ತೆಗೆದು ನನಗೊಂದು ತುದಿ, ಆಂಪ್ಲಿಫೈಯರ್‌ಗೊಂದು ತುದಿ ಚುಚ್ಚಿದ. ಕಣ್ಣು ಮುಚ್ಚಿ ಆ ನಾಲ್ಕು ಸ್ವರ ಮೀಟಿದ.

ಏನೂ ಇಲ್ಲ.

ಇನ್ನೊಮ್ಮೆ ಮೀಟಿದ. ಗುಂಡಿ ತಿರುಗಿಸಿದ. ವೈರು ಕಿತ್ತು ಮತ್ತೆ ಚುಚ್ಚಿದ. ಅವನ ಬೆರಳು ಹೇಗೆ ಓಡಿದವೆಂಬುದು ಗೊತ್ತಿದ್ದವನು ನಾನೊಬ್ಬನೇ. ಅವನು ಅಂದು ಸರಿಯಾಗಿ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಹತ್ತು ಜನ. ಆಮೇಲೆ ಮೈದಾನವೆಲ್ಲ. ಮಿತ್ರ ತಲೆ ಎತ್ತಿದ. ಆ ಕ್ಷಣದಲ್ಲಿ ಅವನು ಏನು ಬೇಕಾದರೂ ಮಾಡಬಹುದಿತ್ತು. ಮೈಕಿನಲ್ಲಿ ಆ ಧಾಟಿಯನ್ನು ಬಾಯಲ್ಲಿ ಗುನುಗಬಹುದಿತ್ತು. ನನ್ನನ್ನು ನೆಲಕ್ಕೆ ಬಡಿದು ಒಡೆಯಬಹುದಿತ್ತು, ಅದನ್ನಾದರೂ ನಾನು ಗೌರವಿಸುತ್ತಿದ್ದೆ. ಅವನು ಮೈಕಿಗೆ ಬಗ್ಗಿ, ಹಲ್ಲು ಬಿಟ್ಟು ಹೇಳಿದ:

"ಕರೆಂಟ್ ಹೋಯ್ತು ಗುರೂ!"

ಅಂಥ ನಗುವನ್ನು ಆ ಧಾರಾವಾಹಿ ಎರಡು ವರ್ಷದಲ್ಲಿ ಕಂಡಿರಲಿಲ್ಲ. ಭೋಜರಾಜ್ ಓಡಿಬಂದು ಅವನನ್ನು ತಬ್ಬಿಕೊಂಡ.

ವೇದಿಕೆಯ ಹಿಂದೆ ಮಿತ್ರ ನಾಣ್ಯದಿಂದ ನನ್ನ ಬೆನ್ನಿನ ಸ್ಕ್ರೂ ತಿರುಗಿಸಿ ಒಳಗೆ ನೋಡಿದ. ಒಳಗೆಲ್ಲ ಖಾಲಿ.

"ಯಾರ್ ತೆಗ್ದಿದ್ದು ಇದನ್ನ?"

"ನಿನ್ನ ಕೇಳೇ ತೆಗೆದೆನಲ್ಲೋ," ಜಯಣ್ಣ ತಬ್ಬಿಬ್ಬಾದ. "ನೀನೇ 'ಮಾಡ್ಕೊಳಿ ಅಣ್ಣ' ಅಂದೆ."

ಅಷ್ಟರಲ್ಲಿ ದೇವಪ್ರಿಯ ಮೇಷ್ಟ್ರು ಪರದೆ ಸರಿಸಿಕೊಂಡು ಬಂದರು.

"ನೀನು ಬಾರಿಸ್ತಿದ್ದೆ, ನನಗೇನೂ ಕೇಳಿಸ್ಲಿಲ್ಲ. ಈ ಕಿವೀನೂ ಹೋಯ್ತು ಅಂದ್ಕೊಂಡೆ ಮಿತ್ರ. ಆಮೇಲೆ ಜನ ನಗೋದು ಕೇಳಿಸ್ತು." ವೇದಿಕೆಯತ್ತ ಕೈ ತೋರಿಸಿದರು. "ಕರೆಂಟ್ ಹೋಯ್ತು ಅಂದೆಯಲ್ಲ. ಲೈಟೆಲ್ಲ ಉರೀತಿತ್ತಲ್ಲಪ್ಪ."

ಮಿತ್ರ ಒಂದು ಪೆಟ್ಟಿಗೆಯ ಮೇಲೆ ಕುಳಿತ. ಮೇಷ್ಟ್ರು ಕುರ್ಚಿ ಎಳೆದು ಕುಳಿತು, ನನ್ನನ್ನು ಮಗನ ತೊಡೆಯ ಮೇಲಿಟ್ಟು, ಬಗ್ಗಿ ತಮ್ಮ ಬಲಗಿವಿಯನ್ನು ನನ್ನ ಹಲಸಿಗೆ ಒತ್ತಿದರು. ಬಣ್ಣದ ಕೆಳಗಿನ ಮರಕ್ಕೆ ಆ ಕಿವಿಯ ಬಿಸಿ ತಾಗಿತು.

"ಈಗ ಬಾರಿಸು. ಹಿಂಗೆ ಕೇಳಿಸುತ್ತೆ."

ಮಿತ್ರ ಒಂದನೆಯ ಸ್ವರ ಮೀಟಿದ. ಎರಡನೆಯದು. ಮೇಷ್ಟ್ರು ಕಣ್ಣು ಮುಚ್ಚಿದರು. ಮೂರನೆಯದು.

"ಮಿತ್ರಾ!" ಪರದೆಯಾಚೆಯಿಂದ ಭೋಜರಾಜ್. "ಪ್ರೆಸ್‌ನೋರು ಕಾಯ್ತಿದಾರೆ, ಎಲ್ಲಾ ನಿನ್ನೇ ಕೇಳ್ತಿದಾರೆ! ಆ ಡೈಲಾಗ್ ಇನ್ನೊಂದ್ಸಲ ಬೇಕಂತೆ!"

"ಎರಡೇ ನಿಮಿಷ ಅಪ್ಪ," ಎಂದು ನನ್ನನ್ನು ಅವರ ಮಡಿಲಿಗೆ ಜರುಗಿಸಿ ಎದ್ದ.

ಮೇಷ್ಟ್ರು ಹಾಗೆಯೇ ಕಿವಿಯಿಟ್ಟು ತುಂಬ ಹೊತ್ತು ಕುಳಿತಿದ್ದರು. ಆರ್ಗನ್ ನುಡಿಸಿದ ಬೆರಳಿನಿಂದ ತಾವೇ ಒಂದು ತಂತಿ ಮುಟ್ಟಿದರು, ಅದು ಬೇರೆಯೇ ಸ್ವರ. ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಮಲಗಿಸಿ, ಮೇಲೆ ಒಂದು ಟವೆಲ್ ಹೊದಿಸಿ, ಹೊರಟುಹೋದರು. ಆ ಮಳೆಗಾಲದಲ್ಲಿ ಅವರ ಕಿವಿ ಪೂರ್ತಿ ಹೋಯಿತೆಂದು ಲೋಕಿ ಯಾರಿಗೋ ಹೇಳುತ್ತಿದ್ದುದನ್ನು ಕೇಳಿದೆ.

ಈಗ ನಾನು ಸಾಮಾನುಗಳನ್ನು ಬಾಡಿಗೆಗೆ ಕೊಡುವ ಒಂದು ಗೋಡೌನಿನಲ್ಲಿದ್ದೇನೆ. ಪ್ಲಾಸ್ಟಿಕ್ ತುಳಸಿಕಟ್ಟೆ, ತೆರೆಯದ ಫ್ರಿಜ್, ರಟ್ಟಿನ ದೇವರು ನನ್ನ ನೆರೆಯವರು. ಧಾರಾವಾಹಿಗಳಲ್ಲಿ ಶ್ರೀಮಂತರ ಪೋಲಿ ಮಗನ ಕೋಣೆ ತೋರಿಸುವಾಗ ನನ್ನನ್ನು ಗೋಡೆಗೆ ತೂಗುಹಾಕುತ್ತಾರೆ. ಮಿತ್ರ ನಗೆಹಬ್ಬಗಳಲ್ಲಿ ತೀರ್ಪುಗಾರನಂತೆ. ಹೋದ ತಿಂಗಳು ತಂತಿಯೊಂದು ತುಕ್ಕು ಹಿಡಿದು ತಾನಾಗಿಯೇ ಕಡಿಯಿತು. ಸಣ್ಣ ಸದ್ದು. ಗೋಡೌನಿನ ಕಾವಲುಗಾರ ತಲೆಯನ್ನೂ ಎತ್ತಲಿಲ್ಲ.

ನಕ್ಕವರ ಮೇಲಿನ ನನ್ನ ಸಿಟ್ಟು ಈಚೆಗೆ ಆರುತ್ತಿದೆ. ಜಯಣ್ಣನ ಮೇಲಂತೂ ಎಂದೂ ಇರಲಿಲ್ಲ. ಆದರೆ ನಾನು ಯಾವುದನ್ನೂ ಕ್ಷಮಿಸಿಲ್ಲ. ಮರದಲ್ಲಿ ಮೂರು ಸ್ವರ ನಿಂತಿವೆ, ನಾಲ್ಕನೆಯದಕ್ಕಾಗಿ ಒಬ್ಬ ಮುದುಕ ಕಣ್ಣು ಮುಚ್ಚಿ ಕಾದಿದ್ದಾನೆ.

ಅದೊಂದೇ ಸ್ವರ ಬಾಕಿ ಇತ್ತು. ಅದಕ್ಕೆ ಕರೆಂಟ್ ಬೇಕಿರಲಿಲ್ಲ.