ಲಗಮವ್ವನ ಕೈಯ ಭಂಡಾರ

ಬನಹಟ್ಟಿಯ ನಮ್ಮ ಮಹಿಳಾ ನೇಕಾರರ ಸಂಘದಲ್ಲಿ ಹಳೆಯ ನಿಯಮವೊಂದಿತ್ತು: ಜೈಲು ಕಂಡವರು ಅದನ್ನು ತಿಳಿಸಬೇಕು, ಅಂಥವರಿಗೆ ನೂಲಿನ ಕೋಣೆಯ ಚಾವಿ ಕೊಡಬಾರದು. 2011ರಲ್ಲಿ, ಅಧ್ಯಕ್ಷೆಯಾಗಿದ್ದ ನಾನು ಅದನ್ನು ಬದಲಿಸಿದೆ. ಶಿಕ್ಷೆ ಮುಗಿದು ಹತ್ತು ವರ್ಷ ಕಳೆದಿದ್ದರೆ ಯಾರೂ ಹೇಳಬೇಕಾಗಿಲ್ಲ, ಯಾರೂ ಕೇಳಬಾರದು.

"ಅಕ್ಕಾರ, ಕಳ್ಳರು ಬಂದ್ರ ಚಾನೂ ಕುಡಿಸಿ ಚಾವಿ ಕೊಡ್ರಿ," ಎಂದು ಕಾರ್ಯದರ್ಶಿ ಶಂಕರೆಪ್ಪ ನಕ್ಕರು. ನಾನೂ ನಕ್ಕೆ.

ಆ ವರ್ಷ ಚಾವಿ ಲಗಮವ್ವನಿಗೆ ಸಿಗುವುದಿತ್ತು. ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದ ಅವಳಿಗೆ ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ. ಬೀಳಗಿ ಕಡೆಯ ಮುಳುಗಡೆ ಊರಿನವಳು. "ನಮ್ಮೂರಾಕಿರಿ, ಯಾರೂ ಇಲ್ಲ," ಎಂದು ಅವಳನ್ನು ಕರೆತಂದವಳು ಕಸ್ತೂರೆವ್ವ. ಮಧ್ಯಾಹ್ನ ರೊಟ್ಟಿಯ ಮೆತ್ತನೆಯ ನಡುಭಾಗ ಅವಳಿಗೆ ಮುರಿದುಕೊಟ್ಟು, ಗಟ್ಟಿ ಅಂಚನ್ನು ತಾನು ತಿನ್ನುತ್ತಿದ್ದಳು.

ಚಾವಿ ಪಡೆಯುವವರು ಬೀರೇಶ್ವರನ ಭಂಡಾರ ಹಿಡಿದು ಪ್ರಮಾಣ ಮಾಡುವುದು ನಮ್ಮ ರೂಢಿ. ಆ ಅರಿಶಿನ ಹಿಡಿದು ಯಾರೂ ಸುಳ್ಳಾಡುವುದಿಲ್ಲ. ಕೈಗೆ ಬಂದದ್ದನ್ನು ತಟ್ಟೆಗೆ ಮರಳಿ ಸುರಿಯುವಂತಿಲ್ಲ. ಸೇರಿದವರಲ್ಲಿ ಒಬ್ಬರು ಹಣೆಗೆ ಹಚ್ಚಿಸಿಕೊಂಡರೆ ಪ್ರಮಾಣ ಮುಗಿದಂತೆ.

ಶಂಕರೆಪ್ಪ ಚಾವಿ ಹಿಡಿದು ನಿಂತು, ಲಗಮವ್ವನ ಅಂಗೈಗೆ ಭಂಡಾರ ಸುರಿದು ಎಂದಿನಂತೆ ಹೇಳಿಕೊಟ್ಟರು: "ನೂಲು ಕದಿಯೂದಿಲ್ಲ, ಜೇಲಿನ ಮಾರಿ ನೋಡಿಲ್ಲ ಅನ್ನಬೇ, ಲಗಮವ್ವಾ."

ನಿಯಮ ಬದಲಿಸಿದ್ದ ನಾವು ಪ್ರಮಾಣದ ಮಾತನ್ನು ಮರೆತೇಬಿಟ್ಟಿದ್ದೆವು! "ಅದನ್ನ ಬಿಡ್ರಿ—" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು.

"ನೋಡೇನ್ರಿ. ಗಂಡನ್ನ ಒನಕಿಲೆ ಹೊಡದು ಕೊಂದೇನಿ. ಏಳು ವರ್ಷ ಒಳಗಿದ್ದೆ. ಹೊರಗ ಬರೂದ್ರಾಗ ಊರು ನೀರಾಗ ಹೋಗಿತ್ತು."

ಪಕ್ಕದ ಕೋಣೆಯಲ್ಲಿ ಯಾರೋ ಮಗ್ಗ ನಿಲ್ಲಿಸಿದರು. ಆ ಕೈಯಿಂದ ಎಷ್ಟು ಸಲ ಚಹಾ ಕುಡಿದಿದ್ದೆ!

ಶಂಕರೆಪ್ಪ ಹಿಂದೆ ಸರಿದರು. ಹೆಂಗಸರೂ ಸರಿದರು. ಲಗಮವ್ವ ಚಾಚಿದ ಅಂಗೈಯ ಬೆರಳ ಸಂದಿಯಿಂದ ಅರಿಶಿನ ಉದುರುತ್ತಿತ್ತು. ಅವಳ ಮುಂದೆ ಯಾರೂ ಇರಲಿಲ್ಲ.

ಆಗ ಕಸ್ತೂರೆವ್ವ ಎದ್ದು ಬಂದು ತಲೆ ಬಾಗಿಸಿದಳು. "ಹಚ್ಚ ಬೇ."

"ಕೊಲಿ ಮಾಡ್ಯಾಳ ಆಕಿ! ಕಿವಿ ಕೇಳಲಿಲ್ಲೇನು?" ಶಂಕರೆಪ್ಪ ಕೂಗಿದರು.

"ಸತ್ತವ ನನ್ನ ತಮ್ಮರಿ. ನನಗೇನ್ ಹೇಳ್ತೀರಿ?"

ಲಗಮವ್ವ ಭಂಡಾರ ಹಚ್ಚಿದಳು. ಶಂಕರೆಪ್ಪನವರ ಕೈಯಿಂದ ಚಾವಿ ಜಾರಿ ಬಿತ್ತು. ಹಣೆ ತುಂಬ ಹಳದಿಯಾಗಿದ್ದ ಕಸ್ತೂರೆವ್ವ ಅದನ್ನೆತ್ತಿ, ಸೆರಗಿನಿಂದ ಒರೆಸಿ, ಲಗಮವ್ವನ ಸೊಂಟಕ್ಕೆ ಸಿಕ್ಕಿಸಿದಳು. ಆಕೆಯ ಗಂಡನ ಅಕ್ಕ ತಾನೆಂದು ಅಲ್ಲಿಯವರೆಗೆ ಒಮ್ಮೆಯೂ ತೋರಿಸಿಕೊಂಡಿರಲಿಲ್ಲ.

"ಖರೆ ಹೇಳ್ಯಾಳ. ಪ್ರಮಾಣ ಆತು. ಹೌದಿಲ್ರಿ ಅಕ್ಕಾರ?"

ಎಲ್ಲರೂ ನನ್ನ ಕಡೆ ತಿರುಗಿದರು. ಹೌದೆಂದು ತಲೆಯಾಡಿಸಿದೆ, ಅಷ್ಟೇ.