ಅಂಕಿ ಹಾಕಿ ಬರೆದವಳು

“ಮೂರನೇದು ಕೇಳ್ರಿ,” ಎಂದು ಪಕ್ಕದ ಮನೆಯ ಸಂಗಣ್ಣ ಮೊಬೈಲನ್ನು ಕನ್ನಡಕದ ಹತ್ತಿರ ಹಿಡಿದು ಓದಿದ. “ಮೈ ಬಿಗಿಯೂದ್ರೊಳಗ ಕಾಲು ಮಡಚಿ ಕೂಡಸ್ರಿ. ಎಲ್ಲಾರೂ ಬರಲಿ ಅಂತ ಕಾಯಬ್ಯಾಡ್ರಿ. ಬೆನ್ನಿಗೆ ಹಲಗಿ, ಹಲಗಿಗೆ ಮೆತ್ತನ್ನ ಅರಿವಿ.”

ಹಲಗೆ ಬಂತು. ಮಗಳು ನೇತ್ರಾ ತಾಯಿಯ ಹಳೆಯ ಇಳಕಲ್ ಸೀರೆಯನ್ನು ಮಡಚಿ ಅದಕ್ಕೆ ಹೊದಿಸಿದಳು. ಜಲನಗರದ ಆ ಮನೆಯ ಪಡಸಾಲೆಯಲ್ಲಿ ಗೌರಾಬಾಯಿ ಗೋಡೆಗೆ ಆತು ನೆಟ್ಟಗೆ ಕುಳಿತಳು. ಮೂವತ್ತೊಂದು ವರ್ಷ ಟಿಕೋಟಾದಲ್ಲಿ ಅಂಗನವಾಡಿ ನಡೆಸಿದವಳು, ನಸುಕಿನಲ್ಲಿ ಮಲಗಿದಲ್ಲೇ ಹೋಗಿಬಿಟ್ಟಿದ್ದಳು. ಹಣೆಗೆ ವಿಭೂತಿ ಹಚ್ಚಿದ ಮೇಲೆ, ಇನ್ನೇನು ಮಕ್ಕಳ ಹಾಜರಿ ಕರೆಯುತ್ತಾಳೆ ಅನ್ನುವಂತೆ ಕಂಡಳು.

ಗಂಡ ಶಿವಯೋಗೆಪ್ಪ ಮಾಸ್ತರರು ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕುಳಿತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಬೆಳಗಿನಿಂದ ಒಂದು ಗುಟುಕು ಚಹಾವನ್ನೂ ಮುಟ್ಟಿರಲಿಲ್ಲ.

“ಯಾರು ಬರದದ್ರೀ ಕಾಕಾ ಇದು?” ನೇತ್ರಾ ಕೇಳಿದಳು.

“ಯಾರಿಗೊತ್ತವ್ವ. ಹ್ವಾದ ವರ್ಷ ನಮ್ಮ ಮಾವ ತೀರಕೊಂಡಾಗ ಗ್ರೂಪಿನಾಗ ಬಂದಿತ್ತು. ‘ಮನ್ಯಾಗ ಸಾವಾದ್ರ ಮಾಡೂ ಹನ್ನೊಂದು ಕೆಲಸ’. ಹೆಸರಿಲ್ಲ. ಬರದವರು ಮಾತ್ರ ಶಾಣ್ಯಾರು ನೋಡು. ಒಂದನೇದ್ದ ಏನೈತಿ ಗೊತ್ತೇನು? ‘ಹತ್ತು ನಿಮಿಷ ಜೋರಾಗಿ ಅತ್ತುಬಿಡ್ರಿ, ಆಮ್ಯಾಲ ಕೆಲಸಕ್ಕ ಏಳ್ರಿ’ ಅಂತ.”

ಕೆಲಸಗಳು ಒಂದೊಂದಾಗಿ ಮುಗಿದವು. ಅಯ್ಯನವರಿಗೆ ಫೋನ್ ಹೋಯಿತು. ಸಾರವಾಡದ ಹೊಲದಲ್ಲಿ ಕುಣಿ ತೋಡಲು ಹೇಳಿದ್ದಾಯಿತು. ಬಂದವರ ಚಹಾಕ್ಕೆ ಸಂಗಣ್ಣನ ಮನೆಯ ಒಲೆ ಹೊತ್ತಿತು.

“ಒಂಬತ್ತನೇದು,” ಎಂದ ಸಂಗಣ್ಣ. “ಶುಗರಿನ ಗುಳಿಗಿ ನುಂಗೂ ಹಿರ್ಯಾರು ಮನ್ಯಾಗಿದ್ರ ಅವರಿಗೆ ಏನರ ತಿನಸ್ರಿ. ಹೆಣಾ ಎತ್ತೂ ತನಕಾ ಮುಟ್ಟಂಗಿಲ್ಲ ಅಂತಾರ. ಗ್ವಾಡಿ ಕಡೆ ಮಾರಿ ಮಾಡಿ ಕುಂತಿರ್ತಾರ. ಹಟಮಾರಿ ಇರ್ತಾರ, ಬಿಡಬ್ಯಾಡ್ರಿ.”

ಮಾಸ್ತರರ ಕುರ್ಚಿ ತಿರುಗಿತು.

“ಅದು ನಿಮ್ಮವ್ವ ಬರದದ್ದು ನೇತ್ರಾ,” ಎಂದರು. “ನಮ್ಮಣ್ಣ ಹೋದಾಗ ನಾ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದೆ. ಅವತ್ತು ಬರದು, ಹೆಸರು ಹಾಕದ ಗ್ರೂಪಿಗೆ ಬಿಟ್ಟಾಳ.”

ಸಂಗಣ್ಣ ಒಮ್ಮೆ ಮೊಬೈಲನ್ನು, ಒಮ್ಮೆ ಗೌರಾಬಾಯಿಯನ್ನು ನೋಡಿದ. ಕೈಯಲ್ಲಿದ್ದ ಮೊಬೈಲನ್ನು ಹಣೆಗೆ ಒತ್ತಿಕೊಂಡ. ಆಮೇಲೆ ಒಳಗೆ ಹೋಗಿ ಅವಲಕ್ಕಿ ತಂದು ಮಾಸ್ತರರ ಕೈಗಿತ್ತ. ಅವರು ಹೆಂಡತಿಯ ಎದುರಿಗೇ ಕುಳಿತು ಒಂದು ಕಾಳೂ ಬಿಡದೆ ತಿಂದರು.

*

ಗೌರಾಬಾಯಿ ನಿವೃತ್ತಳಾದ ವರ್ಷ ನೇತ್ರಾ ಅವಳಿಗೊಂದು ಮೊಬೈಲ್ ಕೊಡಿಸಿ, ಫೇಸ್‌ಬುಕ್ಕಿನಲ್ಲಿ ಪುಟ ತೆರೆದುಕೊಟ್ಟಿದ್ದಳು. ಆ ವಾರವೇ ‘ರೊಟ್ಟಿ ಹರೀಬಾರದಂದ್ರ ಏಳು ಮಾತು’ ಬಂತು. ಆಮೇಲೆ ‘ಕೂಸು ಉಣ್ಣವಲ್ದಂದ್ರ ಐದು ಉಪಾಯ’. ಅದರ ಬೆನ್ನಿಗೆ ‘ಹೆಣ್ಣು ನೋಡಾಕ ಬಂದವರಿಗೆ ನಾವು ಕೇಳಬೇಕಾದ ಒಂಬತ್ತು ಪ್ರಶ್ನಿ’. ಆ ಒಂಬತ್ತು ಪ್ರಶ್ನೆ ಊರೂರು ಸುತ್ತಿ, ತಿಂಗಳೊಳಗೆ ಗೌರಾಬಾಯಿಯ ಬೀಗರ ಮನೆಗೂ ಮುಟ್ಟಿತು.

ಮಾಸ್ತರರೂ ಅಲ್ಲೇ ಲಲಿತ ಪ್ರಬಂಧ ಬರೆಯುತ್ತಿದ್ದರು. ಒಂದೊಂದಕ್ಕೆ ಮೂರು ಲೈಕ್ ಬೀಳುತ್ತಿದ್ದವು. ಒಂದು ಹೆಂಡತಿಯದು, ಒಂದು ಸ್ವತಃ ಅವರದೇ. ಮೂರನೆಯದು ಯಾರದೆಂದು ಅವರಿಗೂ ತಿಳಿಯದು.

“ಇದು ಬರಹ ಅಲ್ಲ ಗೌರಾ. ಕಿರಾಣಿ ಚೀಟಿ,” ಎಂದಿದ್ದರು ಒಂದು ದಿನ.

“ಕಿರಾಣಿ ಚೀಟಿ ಇಲ್ದ ಯಾರ ಮನಿ ನಡದೈತ್ರಿ?” ಎಂದಿದ್ದಳು ಅವಳು.

ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಮಾಸ್ತರರಿಗೆ ತಡೆಯಲಾಗಲಿಲ್ಲ. ‘ಹೊಸ ಸೊಸಿಗೆ ಅನ್ನಬಾರದ ಎಂಟು ಮಾತು’ ತೆಗೆದು, ಅಂಕಿಗಳನ್ನೆಲ್ಲ ಕಳೆ ಕಿತ್ತಂತೆ ಕಿತ್ತು, ‘ನವವಧುವಿನ ಆಗಮನವೆಂಬುದು’ ಎಂದು ಶುರುಮಾಡಿ, ನಲವತ್ತು ಸಾಲಿನ ಒಂದೇ ಪ್ಯಾರಾ ಮಾಡಿ ಅವಳ ಪುಟದಲ್ಲೇ ಹಾಕಿದರು. ಸಂಜೆಯೊಳಗೆ ಕೆಳಗೆ ಪ್ರಶ್ನೆಗಳ ಸಾಲೇ ಹತ್ತಿತು. ‘ಅಕ್ಕಾರು ಆರಾಮ ಅದಾರಿಲ್ರಿ?’ ‘ಪುಟಾ ಯಾರರ ಕದ್ದಾರೇನ್ರಿ?’ ಕನಮಡಿಯ ಒಬ್ಬ ಹೆಣ್ಣುಮಗಳಂತೂ ಹೆದರಿ ಫೋನನ್ನೇ ಮಾಡಿದಳು.

ಗೌರಾಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ನಾ ಆರಾಮ ಅದೇನಿ ತಂಗಿ. ನಮ್ಮನಿಯವ್ರಿಗೆ ಸ್ವಲ್ಪ ಪ್ರಬಂಧ ಬಂದಿತ್ತು. ಈಗ ಇಳದೈತಿ.”

ಮಾಸ್ತರರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಆಡಿದರು. ಆದರೆ ಬರಹ ಅಲ್ಲ ಎಂದ ಮಾತನ್ನು ಮಾತ್ರ ಆರು ವರ್ಷವಾದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

*

ಸಾರವಾಡದ ಹೊಲಕ್ಕೆ ನೆಂಟರು ಐವತ್ತು ಜನ ಬರಬಹುದೆಂದು ನೇತ್ರಾ ಎಣಿಸಿದ್ದಳು. ಬೆಳಿಗ್ಗೆ ತಾಯಿಯ ಪುಟದಲ್ಲಿ ಸುದ್ದಿ ಹಾಕಿದ್ದಷ್ಟೇ. ಬದುವಿನುದ್ದಕ್ಕೂ ಹೆಂಗಸರು ನಿಂತಿದ್ದರು, ಯಾರ ಗುರುತೂ ಯಾರಿಗೂ ಇಲ್ಲ. ಟಿಕೋಟಾದಿಂದ ಒಂದು ಟೆಂಪೊ ತುಂಬ ಜನರನ್ನು ರೋಶನಬಿ ಕರೆತಂದಿದ್ದಳು. ಅವಳ ಇಬ್ಬರು ಮಕ್ಕಳೂ ಗೌರಾಬಾಯಿಯ ಅಂಗನವಾಡಿಯಲ್ಲಿ ಬೆಳೆದವರು.

ಅಯ್ಯನವರ ಕ್ರಿಯೆ ಮುಗಿಯಿತು. ಬಿಲ್ವಪತ್ರೆಯ ನಡುವೆ ಗೌರಾಬಾಯಿ ಕುಳಿತಿದ್ದಳು. ಎಲ್ಲರೂ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತರು.

“ಮಾಸ್ತರ, ಮಣ್ಣು ಕೊಡೂಕಿಂತ ಮೊದಲ ಎರಡು ಮಾತು ಆಡ್ರಿ,” ಎಂದ ಸಂಗಣ್ಣ.

ಮಾಸ್ತರರಿಗೂ ಗೊತ್ತಿತ್ತು, ‘ಬರಹ ಅಲ್ಲ’ ಎಂದ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಇದೇ ಕೊನೆಯ ಹೊತ್ತು. ಆರು ವರ್ಷ ಇಟ್ಟುಕೊಂಡದ್ದನ್ನು ಅವಳಿನ್ನೂ ಕಣ್ಣಮುಂದೆ ಇರುವಾಗ ಹೇಳದಿದ್ದರೆ ಆಮೇಲೆ ಯಾರಿಗೆ ಹೇಳುವುದು? ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದರು.

“ಸಹಧರ್ಮಿಣಿಯೆಂಬ ಪದದ ಅರ್ಥವಿಸ್ತಾರವನ್ನು...” ಎಂದು ಆರಂಭಿಸಿದರು. ವಾಕ್ಯ ಉದ್ದವಾಯಿತು. ಕ್ರಿಯಾಪದ ಮುಟ್ಟುವ ಮೊದಲೇ ಅವರಿಗೇ ಬೇಸರ ಬಂತು. ನಿಲ್ಲಿಸಿ, ಒಂದು ಬೆರಳು ಎತ್ತಿದರು.

“ಒಂದು. ಮೂವತ್ತೊಂದು ವರ್ಷದಾಗ ಒಂದು ಕೂಸಿನ ತೂಕಾನೂ ಆಕಿ ಸುಳ್ಳು ಬರೀಲಿಲ್ಲ. ಮ್ಯಾಲಿನವರು ಹೆಚ್ಚಿಗಿ ತೋರಸು ಅಂದ್ರು. ಕೂಸಿಗೆ ಉಣಿಸಿ ಹೆಚ್ಚು ಮಾಡ್ತೇನಿ, ಪೆನ್ನಿನಾಗ ಅಲ್ಲ ಅಂದಳು.”

ಜನ ತಲೆ ಎತ್ತಿದರು.

“ಎರಡು. ನನ್ನ ಪ್ರಬಂಧ ಎಲ್ಲಾ ಪೂರಾ ಓದಿದಾಕಿ ಆಕಿ ಒಬ್ಬಾಕಿನ.”

ಯಾರೋ ಕಣ್ಣೀರಿನಲ್ಲೇ ನಕ್ಕರು.

“ಮೂರು. ಆಕಿ ಬರದದ್ದು ಬರಹ ಅಲ್ಲ ಅಂತ ನಾ ಅಂದಿದ್ದೆ. ತಪ್ಪು ಅಂದಿದ್ದೆ. ಇವತ್ತು ಮುಂಜಾನಿಂದ ನಮ್ಮ ಮನಿ ಆಕಿ ಬರದಂಗ ನಡದೈತಿ. ಬರಹ ಅಂದ್ರ ಅದು. ಗೌರಾ, ಕೇಳಾಕತ್ತೀಯಿಲ್ಲ? ಬರಹ ಅಂದ್ರ ಅದ.”

ಮುಂದಿನ ಮಾತಿಗೆ ಬಾಯಿ ತೆರೆದವರು ತೋಳಿನಲ್ಲಿ ಮುಖ ಮುಚ್ಚಿಕೊಂಡರು. ನೇತ್ರಾ ಅವರನ್ನು ಬೇವಿನ ಮರದ ಕಡೆ ನಡೆಸಿಕೊಂಡು ಹೋದಳು. ಅಲ್ಲಿ ನಿಂತು ಅವರು ಮುಚ್ಚುಮರೆಯಿಲ್ಲದೆ ಅತ್ತರು. ಮುಖ ತೊಳೆದು, ನೀರು ಕುಡಿದು ಮರಳುವುದರೊಳಗೆ ಬಹಳ ಹೊತ್ತಾಗಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಒಬ್ಬರೂ ಕದಲಿರಲಿಲ್ಲ, ಯಾರ ಮುಷ್ಟಿಯೂ ಸಡಿಲಾಗಿರಲಿಲ್ಲ.

ಮಾಸ್ತರರು ಗಂಟಲು ಸರಿಮಾಡಿಕೊಂಡು ಜನರ ಕಡೆ ನೋಡಿದರು. ಎಲ್ಲಿಗೆ ಬಿಟ್ಟಿದ್ದೆನೆಂದು ನೆನಪಾಗದೆ ತಡವರಿಸಿದರು.

ಹಿಂದಿನಿಂದ ರೋಶನಬಿ ಮಣ್ಣನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ನಾಲ್ಕು ಬೆರಳು ಎತ್ತಿ ತೋರಿಸಿದಳು. ಅವಳ ಪಕ್ಕದವಳೂ ಎತ್ತಿದಳು. ನೋಡನೋಡುತ್ತಿದ್ದಂತೆ ಬದುವಿನುದ್ದಕ್ಕೂ ಮಣ್ಣು ಮೆತ್ತಿದ ಕೈಗಳು ಮೇಲೆದ್ದವು, ಒಂದೊಂದರಲ್ಲೂ ನಾಲ್ಕು ಬೆರಳು.