ಮೊದಲ ಹದಿಮೂರು ಕಂತುಗಳ ಕಿಟ್ಟಿ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ನಾನು ಟಿವಿ ರಿಮೋಟನ್ನು ವಶಪಡಿಸಿಕೊಂಡೆ. ಸಂಜೆ ಐದರೊಳಗೆ ನಮ್ಮಮ್ಮನೇ ಕಿಟ್ಟಿ ಎಂದು ಸಾಬೀತು ಮಾಡಬೇಕಿತ್ತು.

‘ದಡಬಡ ಫ್ಯಾಮಿಲಿ’ ನೋಡದವರು ನಮ್ಮ ಸಂಜಯನಗರದಲ್ಲಂತೂ ಇಲ್ಲ. ಯಾವುದೋ ದೇಶದ ಕಾರ್ಟೂನ್, ಆದರೆ ಕನ್ನಡ ಮಾತು ಕೂಡಿಸಿದ ಮೇಲೆ ಆ ಮನೆಯವರೆಲ್ಲ ಪಕ್ಕದ ಬೀದಿಯವರೇ ಆಗಿಬಿಟ್ಟರು. ಆ ಮನೆಯ ತರಲೆ ಮಗ ಕಿಟ್ಟಿ. ಚಿಕ್ಕ ಹುಡುಗರ ಪಾತ್ರಕ್ಕೆ ಡಬ್ಬಿಂಗ್‌ನಲ್ಲಿ ಹೆಂಗಸರೇ ದನಿ ಕೊಡುವುದು ಹೆಚ್ಚು. ಮೊದಲ ಹದಿಮೂರು ಕಂತುಗಳಲ್ಲಿ ಕಿಟ್ಟಿಯ ದನಿ ನನ್ನಮ್ಮ ರಾಧಾಮಣಿಯದು. ಆಮೇಲೆ ನಾನು ಹುಟ್ಟಿದೆ, ಕಿಟ್ಟಿ ಬೇರೆಯವರ ಪಾಲಾದ. ಅದು ನೆನಪಾದಾಗೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹದಿನಾರು ವರ್ಷದ ಮೇಲೆ ಈಗ ಹೊಸ ಸೀಸನ್ ಬರುತ್ತಿದೆ. ಅಭಿಮಾನಿಗಳದ್ದು ಒಂದೇ ಹಟ, ಆ ಮೊದಲ ಕಿಟ್ಟಿಯೇ ಬೇಕಂತೆ. ಆಗ ಡಬ್ಬಿಂಗ್‌ನವರ ಹೆಸರು ಹಾಕುತ್ತಿರಲಿಲ್ಲ, ಆ ಸ್ಟುಡಿಯೋ ಕೂಡ ಮುಚ್ಚಿಹೋಗಿದೆ. ಅದಕ್ಕೇ ಕಂಪನಿಯವರು, ಆ ಕಲಾವಿದೆ ಶನಿವಾರ ಸಂಜೆ ಐದರೊಳಗೆ ಆಧಾರ ಸಮೇತ ಸಂಪರ್ಕಿಸಲಿ ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದರು. ಅಮ್ಮನ ಹತ್ತಿರ ರೆಕಾರ್ಡಿಂಗ್‌ನ ಒಂದು ಫೋಟೋ ಕೂಡ ಇರಲಿಲ್ಲ.

“ಬಿಡೇ ಪದ್ದು. ಅದು ನಂದೇ ಅಂತ ನಂಗೊತ್ತು, ಸಾಕು,” ಎಂದಳು ಅಮ್ಮ, ಬೀನ್ಸ್ ನಾರು ತೆಗೆಯುತ್ತ.

“ನಂಗೆ ಸಾಕಾಗಲ್ಲ ಕಣಮ್ಮಾ!”

ಮೊದಲ ಸೀಸನ್ ಪೂರ್ತಿ ಯೂಟ್ಯೂಬ್‌ನಲ್ಲಿತ್ತು. ಏನು ಚಿತ್ರ ಬರೆದಿದ್ದರೋ ಮಹಾನುಭಾವರು! ಕಿಟ್ಟಿಯ ತಲೆ ಥೇಟ್ ಮೂಲಂಗಿ. ಅವನಪ್ಪನಿಗೆ ಅಡುಗೆಮನೆಯಲ್ಲಿ ಮೀಸೆ ಇದೆ, ಹಾಲ್‌ಗೆ ಬಂದರೆ ಇಲ್ಲ. ಆಧಾರ ಹುಡುಕಲು ಕೂತವಳು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮ ನೋಡದವಳ ಹಾಗೆ ನಟಿಸುತ್ತಿದ್ದಳು, ಆದರೆ ಕಿಟ್ಟಿಗಿಂತ ಮುಂಚೆ ಅವಳ ತುಟಿ ಅಲ್ಲಾಡುತ್ತಿತ್ತು. ನಾಲ್ಕನೇ ಕಂತಿನ ಹೊತ್ತಿಗೆ ಬೀನ್ಸ್ ತಟ್ಟೆ ನೆಲದ ಮೇಲಿತ್ತು, ಅಮ್ಮ ಸೋಫಾದ ಮೇಲಿದ್ದಳು.

ಎಂಟನೇ ಕಂತಿಗೆ ನಾನು ಹೆಡ್‌ಫೋನ್ ಹಾಕಿಕೊಂಡೆ. ಕಿಟ್ಟಿ ಬಾಲ್ ಕಳೆದುಕೊಂಡು ಬೀದಿಗೆ ಕೇಳುವಂತೆ ಕೂಗಿದ. ಆ ಕೂಗಿನ ಹಿಂದೆ ಸಣ್ಣಗೆ ಕಿಣಿ ಎಂದಿತು. ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಒಂಬತ್ತರಲ್ಲೂ ಇತ್ತು, ಹದಿಮೂರರವರೆಗೂ ಇತ್ತು. ಏಳರಲ್ಲಿ ಇಲ್ಲ, ಹದಿನಾಲ್ಕರಲ್ಲೂ ಇಲ್ಲ.

“ಅಮ್ಮಾ, ಕಿಟ್ಟಿ ಬಳೆ ಹಾಕ್ಕೊಂಡಿದ್ದಾನಾ?”

ಹೆಡ್‌ಫೋನ್ ಕಿತ್ತುಕೊಂಡು ಕೇಳಿದ ಅಮ್ಮ ಹಣೆ ಚಚ್ಚಿಕೊಂಡು ನಗತೊಡಗಿದಳು.

“ಅಯ್ಯೋ, ಅದು ನನ್ನ ಸೀಮಂತದ ಬಳೆ ಕಣೇ! ಮೈಕ್ ಮುಂದೆ ಬಳೆ, ಗೆಜ್ಜೆ, ರೇಷ್ಮೆ ಸೀರೆ ಒಂದೂ ಕೂಡದು. ಆದ್ರೆ ನೀನು ಹೊಟ್ಟೇಲಿದ್ದೆ, ಎಂಟು ತುಂಬಿತ್ತು. ಅಜ್ಜಿ ಊರು ರಾಜಾನುಕುಂಟೇಲಿ ಸೀಮಂತ ಮಾಡಿ ಎರಡೂ ಕೈಗೆ ಹಸಿರು ಬಳೆ ತೊಡ್ಸಿದ್ರು. ‘ಇಂಗೇ ಇರ್ಲಿ, ಎರಿಗೆ ಆಗೋಗಂಟ ತೆಗೀಬ್ಯಾಡ’ ಅಂದ್ಬಿಟ್ರು ನಿಮ್ಮಜ್ಜಿ. ಪಾಪ, ರೆಕಾರ್ಡ್ ಮಾಡ್ತಿದ್ದ ಖಾದರ್ ಬಾಷಾ ಸರ್ ತಮ್ಮ ಕರ್ಚೀಫ್ ಕೊಟ್ಟು, ಬಳೆ ಮೇಲೆ ಬಿಗಿಯಾಗಿ ಕಟ್ಕೋಮ್ಮಾ ಅಂದ್ರು. ಕೈ ಎತ್ತದೆ ಕಿಟ್ಟಿ ಹೆಂಗೆ ಕೂಗ್ತಾನೆ ಹೇಳು? ಸಡಿಲ ಆಗೋದು.”

“ಅವ್ರಿಗೆ ಫೋನ್ ಮಾಡೋಣ!”

“ಅವ್ರು ಹೋಗಿ ನಾಲ್ಕು ವರ್ಷ ಆಯ್ತಲ್ಲೇ,” ಎಂದಳು ಅಮ್ಮ. ಅವಳ ನಗು ನಿಂತಿತು.

ನನ್ನ ಬರ್ತ್ ಸರ್ಟಿಫಿಕೇಟ್ ತರಲು ಬೀರುವಿನತ್ತ ಓಡಿದೆ. ಸೋಮವಾರ ರೆಕಾರ್ಡಿಂಗ್, ಅದೇ ವಾರದ ಭಾನುವಾರ ಪ್ರಸಾರ, ಆಗಿನ ಪದ್ಧತಿ ಅದು. ಪ್ರಸಾರದ ತಾರೀಖು ಪ್ರತಿ ಕಂತಿನ ಕೆಳಗೂ ಇತ್ತು. ಹದಿಮೂರನೇ ಕಂತು ಬಂದದ್ದು ಭಾನುವಾರ. ನಾನು ಹುಟ್ಟಿದ್ದು ಅದರ ಹಿಂದಿನ ಗುರುವಾರ, ಅಂದರೆ ಅಮ್ಮನ ಕೊನೆಯ ರೆಕಾರ್ಡಿಂಗ್ ಆಗಿ ಮೂರೇ ದಿನಕ್ಕೆ.

ನಾಲ್ಕೂವರೆಗೆ ಕಂಪನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಸುಮಾ ಎಂಬುವರು ಎತ್ತಿದರು.

“ನೀವು ಹತ್ತೊಂಬತ್ತನೇ ಕಿಟ್ಟಿ, ಹೇಳಿ,” ಎಂದರು ಸುಸ್ತಾದ ದನಿಯಲ್ಲಿ.

ಒಂದೇ ಉಸಿರಿಗೆ ಎಲ್ಲವನ್ನೂ ಒದರಿದೆ. ಅವರು ಎಂಟನೇ ಕಂತು ಹಾಕಿಕೊಂಡದ್ದು ನಮಗೂ ಕೇಳಿಸಿತು.

“ದೇವ್ರೇ, ಹೌದಲ್ರೀ, ಬಳೆ! ಇಷ್ಟು ವರ್ಷ ನಮಗೆ ಕೇಳ್ಸೇ ಇಲ್ಲ. ಆದ್ರೆ ಅದು ನಿಮ್ಮಮ್ಮಂದೇ ಅಂತ ಹೆಂಗೆ ನಂಬ್ಲಿ?”

“ಬಳೆ ಸದ್ದು ನಿಂತ ವಾರವೇ ನಾನು ಹುಟ್ಟಿದ್ದು ಮೇಡಂ. ಬರ್ತ್ ಸರ್ಟಿಫಿಕೇಟ್ ಕಳ್ಸಿದ್ದೀನಿ. ಆಧಾರ ನಾನೇ.”

ಆ ಮಾತು ಹೇಳುವಾಗ ನನಗೆ ಅಳು ಬಂತು. ಇಷ್ಟು ದಿನ ಅಮ್ಮನ ಕಿಟ್ಟಿಯನ್ನು ಕಳೆದವಳು ನಾನೆಂದುಕೊಂಡಿದ್ದೆ. ಆ ಕೂಗಿನಲ್ಲಿ ನಾನೂ ಅವಳ ಜೊತೆಗೇ ಇದ್ದೆನಲ್ಲ!

“ಅಮ್ಮಂಗೆ ಕೊಡಿ,” ಎಂದರು ಸುಮಾ. ಅಮ್ಮ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಳು. ಬೇಡ ಎಂದು ತಲೆ ಅಲ್ಲಾಡಿಸಿದಳು. ಹದಿನಾರು ವರ್ಷದಿಂದ ಆ ದನಿ ಒಮ್ಮೆಯೂ ಹೊರಗೆ ಬಂದಿರಲಿಲ್ಲ.

“ಹಲೋ? ಯಾರು ಮಾತಾಡ್ತಿರೋದು?”

ಅಮ್ಮ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಬಲಗೈ ತಾನಾಗಿಯೇ ಮೇಲೆದ್ದಿತು.

“ಇನ್ಯಾರು? ಬೆಳಿಗ್ಗೆಯಿಂದ ಹದಿನೆಂಟು ರಾಂಗ್ ನಂಬರ್ ಎತ್ತಿದೀರಂತೆ! ನಾನು ಕಣ್ರೀ, ಕಿಟ್ಟಿ!”

ಆ ಕಡೆ ಕುರ್ಚಿ ಬಿದ್ದ ಸದ್ದಾಯಿತು. “ಏಯ್, ಎಲ್ರೂ ಬನ್ರೋ!” ಎಂದು ಸುಮಾ ಕಿರುಚಿದರು. “ಕಿಟ್ಟಿ ಸಿಕ್ಬಿಟ್ಟ!”